ಹನ್ನೊಂದನೇ ಮಗ್ಗ

ನವಿಲಿನ ಕತ್ತಿನ ಹತ್ತಿರ ನಿಲ್ಲುತ್ತದೆ,
ಪ್ರತಿ ಸಲ ಅಲ್ಲೇ, ಅಂತ ಚಿಲ್ಕಾ ಶೇಟನ ದೂರು.
ಅಲ್ಲೇ ಅಲ್ಲ. ಒಮ್ಮೆ ಎಲೆಯ ತುದಿಯಲ್ಲಿ,
ಒಮ್ಮೆ ಏನೂ ಇಲ್ಲದ ಬಿಳೀ ಅಂಚಿನಲ್ಲಿ.
ಸೊಲ್ಲಾಪುರದ ಅಕ್ಕಲಕೋಟ ರಸ್ತೆ, ತಗಡಿನ ಶೆಡ್ಡು,
ಇಪ್ಪತ್ನಾಲ್ಕು ಮಗ್ಗ; ಇಪ್ಪತ್ಮೂರು ಬಡಿಯುತ್ತಿವೆ.
ಹನ್ನೊಂದರ ಪೆಟ್ಟಿಗೆಯ ಮೇಲೆ ಕೆಂಪು ದೀಪ.

ಪೆಟ್ಟಿಗೆಯೊಳಗೊಂದು ಯಂತ್ರ,
ಆ ಯಂತ್ರದೊಳಗೆ, ಕೈಗೆ ಸಿಗದ ಇನ್ನೊಂದು ಯಂತ್ರ.
ನಕ್ಷೆಯನ್ನು ಸಾಲುಸಾಲಾಗಿ ಓದಿ ಅದು
ಕೊಕ್ಕೆಗಳಿಗೆ ತಿಳಿಯುವಂತೆ ಹೇಳುತ್ತದೆ: ಏಳು, ಇಳಿ, ಏಳು.
ನಕ್ಷೆ ತಪ್ಪಿದರೆ ಬರೆದಿಡುತ್ತದೆ, ಸಾಲಿನ ಸಂಖ್ಯೆ ಸಮೇತ.
ತಾನೇ ಸತ್ತರೆ?
ಪಂಚನಾಮೆ ಬರೆಯುವವನೇ ಹೆಣವಾದರೆ
ಕಾಗದ ಖಾಲಿ.

ಕೆಳಗಿಳಿಯಬೇಕು ಹಾಗಾದರೆ.
ಕೇಬಲ್ಲು ಚುಚ್ಚಿ, ಡಿಬಗರ್ ಹಚ್ಚಿ,
ನವಿಲು ಗಿವಿಲು ಬಿಟ್ಟು ಅದರಡಿಯ ಸಿ ಭಾಷೆ,
ಅದರಡಿಯ ರಿಜಿಸ್ಟರು,
ಅದರಡಿ ಬಣ್ಣವೂ ಇಲ್ಲ ದಾರವೂ ಇಲ್ಲ, ಬರೀ ಅಂಕಿ.

ಓಡಿಸಿದೆ. ಸಾಯಲಿಲ್ಲ.
ಎರಡು ಚಾದರ ನೇಯ್ದು ಮಡಿಸಿಟ್ಟಿತು
ಸಾಹೇಬರು ತಪಾಸಣೆಗೆ ಬಂದ ದಿನದ ಶಾಲೆಯ ಹಾಗೆ.
ಡಿಬಗರ್ ತೆಗೆದೆ.
ಆರು ನಿಮಿಷ. ಕೆಂಪು.

“ನೀವು ಮುಂದ ಕುಂತ್ರ ಚಲೋ ನಡೀತದ್ರೀ ಬಾಯಾರ,”
ಅಂದ ನೂರಂದಪ್ಪ, “ದಿನಾ ಬಂದು ಕೂಡ್ರಿ.”
ನಗಲಿಲ್ಲ. ಎರಡೂ ಕಿವಿಯಲ್ಲಿ ಹತ್ತಿ.
ಆ ಹತ್ತಿಯ ಮೂಲಕವೇ ಏಳನೇ ಮಗ್ಗದ ಹರಿದ ಎಳೆ ಕೇಳಿ
ಎದ್ದು ಹೋಗಿ ಗಂಟು ಹಾಕಿ ಬಂದ.
ಎಳೆ ಹರಿದರ ಸಪ್ಪಳ ಆಗೂದಿಲ್ರೀ,
ಸಪ್ಪಳದಾಗ ಒಂದು ತೂತು ಬೀಳ್ತದ.

ಸರಿ, ಬದುಕಿದ್ದಾಗ ಕಾಯುವುದು ಬೇಡ.
ಸಾಯುವಾಗ ಮೈಯೆಲ್ಲ ಇದ್ದಂತೆ ಉಳಿಸು ಎಂದು ಬರೆದು
ಹೊರಗೆ ಹೋಗಿ ಶೇಂಗಾ ಹಿಂಡಿ, ಕಡಕ್ ರೊಟ್ಟಿ ತಿಂದೆ.
ಬಂದಾಗ ಕೆಂಪು. ಫೈಲು ತೆರೆದೆ.
ನಿನ್ನನ್ನು ಕರೆದವರು ಯಾರು? ಅವನು.
ಅವನನ್ನು? ಇವನು.
ಒಂಬತ್ತು ಮೆಟ್ಟಿಲು ಇಳಿದ ಮೇಲೆ ಒಂದು ವಿಳಾಸ.
ತಪ್ಪು ವಿಳಾಸವಲ್ಲ, ನೋಡಲು ಮರ್ಯಾದಸ್ಥ ವಿಳಾಸ.
ಬಾಗಿಲು ತಟ್ಟಿದರೆ, ಕತ್ತಿನ ನೀಲಿ ಇರಬೇಕಾದಲ್ಲಿ
ಗಡಿಯಾರದ ಮುಳ್ಳೊಂದು ಕಾಲು ಚಾಚಿ ಕೂತಿದೆ.

ಆ ಒಳಯಂತ್ರದಲ್ಲಿ ಕಸ ಗುಡಿಸುವವಳೊಬ್ಬಳಿದ್ದಾಳೆ.
ಯಾರೂ ಹಿಡಿಯದ್ದನ್ನು ಎಸೆಯುತ್ತಾಳೆ,
ಹಿಡಿದದ್ದನ್ನು ಒತ್ತಟ್ಟಿಗೆ ಸರಿಸಿಡುತ್ತಾಳೆ.
ಹಿಡಿದಿದ್ದೇನೆಂದು ಮೊದಲೇ ಹೇಳಿರಬೇಕು ಅವಳಿಗೆ.
ಹೇಳಿರಲಿಲ್ಲ. ನೀಲಿ ಜಾಗ ಬದಲಿಸಿತ್ತು,
ಕೈಯಲ್ಲಿ ಹಳೇ ಚೀಟಿ.
ಡಿಬಗರ್ ಇದ್ದಾಗ ಎಲ್ಲವೂ ನಿಧಾನ;
ಅವಳು ಬರುವುದು ಬೇರೆ ಹೊತ್ತಿಗೆ,
ಕೈ ಬರಿದಾಗಿರುವ ಹೊತ್ತಿಗೆ.

ನಮ್ಮಜ್ಜಿ ಅಕ್ಕಲಕೋಟೆಯ ಒಂದೇ ಕೋಣೆಯಲ್ಲಿ ಕೂತು
ಸಂಸ್ಥಾನ, ಮುಂಬಯಿ, ಮಹಾರಾಷ್ಟ್ರ, ಮೂರರಲ್ಲೂ ಬಾಳಿದಳು.
ಮನೆ ಅಲುಗಲಿಲ್ಲ, ವಿಳಾಸ ಅಲುಗಿತು.
ಕಾರಕೂನ ಕೇಳಿದ್ದಕ್ಕೆ ಕನ್ನಡದಲ್ಲೇ ಅಂದಿದ್ದಳಂತೆ:
ನಾ ಎಲ್ಲೂ ಹೋಗಿಲ್ಲಪ್ಪ, ನೀವs ಬಂದೀರಿ.
ಇಲ್ಲಿ ತಿರುಗಾಮುರುಗಾ.

ಆ ಸಾಲು ಬರೆದವರ ಹೆಸರು ಹುಡುಕಿದೆ.
ಮೂರು ವರ್ಷದ ಹಿಂದೆ, ಶೇಟನಿಗೆ ದೀಪಾವಳಿಯೊಳಗೆ
ಇನ್ನೊಂದು ಬಣ್ಣ ಬೇಕಾಗಿದ್ದ ವಾರ.
ಕೆ. ಎಂ.
ಕಸ್ತೂರಿ ಮೈಂದರಗಿ.
ಅಂಕಿಗಳ ತಳದಲ್ಲಿ ನನ್ನದೇ ಅವಸರ.

ಒಂದು ಸಾಲು ಸೇರಿಸಿದೆ: ಇದನ್ನು ಹಿಡಿದಿದ್ದೇನೆ, ತಂಗಿ.
ದೀಪ ಹಸಿರಾಯಿತು.
ಏನಾಗಿತ್ತು, ಅಂದ ಶೇಟ.
ವೋಲ್ಟೇಜು, ಅಂದೆ.

ಹನ್ನೊಂದು ಬಡಿಯತೊಡಗಿತು.
ನೂರಂದಪ್ಪ ಒಂದು ಕಿವಿಯ ಹತ್ತಿ ತೆಗೆದು ಕೇಳಿದ,
ಮತ್ತೆ ತುರುಕಿಕೊಂಡ.
“ವೋಲ್ಟೇಜಿನ ಸಪ್ಪಳ ಬ್ಯಾರೆ ಇರ್ತದ್ರೀ ಬಾಯಾರ,”
ಅಂದ, ಶೇಟ ಆ ಕಡೆ ಹೋದ ಮೇಲೆ.